ಫಲಕದ ಮೇಲೆ ಹತ್ತು ಹೆಸರು: ಯಾವ ವೈದ್ಯರು ಯಾವುದಕ್ಕೆ?



ನಿಮ್ಮ ಊರಿನ ಬಸ್ ನಿಲ್ದಾಣದ ಹತ್ತಿರವೋ ಪೇಟೆ ಬೀದಿಯಲ್ಲೋ ಒಂದು ಪಾಲಿಕ್ಲಿನಿಕ್ ಇರಬಹುದು. ಬಾಗಿಲ ಪಕ್ಕದಲ್ಲಿ ಉದ್ದನೆಯ ಫಲಕ. ಅದರ ಮೇಲೆ ಎಂಟು ಹತ್ತು ವೈದ್ಯರ ಹೆಸರು, ಹೆಸರಿನ ಮುಂದೆ ಒಂದಿಷ್ಟು ಅಕ್ಷರಗಳು, ಅದರಾಚೆ 'ಸೋಮವಾರ, ಗುರುವಾರ ಸಂಜೆ 5ರಿಂದ 7' ಎಂಬಂಥ ವೇಳಾಪಟ್ಟಿ. ಒಳಗೆ ಹೋದರೆ ಚೀಟಿ ಬರೆಯುವವರು ಕೇಳುವ ಮೊದಲ ಪ್ರಶ್ನೆ ಇದು: "ಯಾವ ಡಾಕ್ಟರನ್ನು ನೋಡಬೇಕು?"

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಎಷ್ಟೋ ಸಲ ನೀವೇ. ಅಪ್ಪ ಅಮ್ಮ ಕೆಲಸಕ್ಕೆ ಹೋಗಿರುತ್ತಾರೆ. ಫಲಕ ಓದಬಲ್ಲ ಮಗಳೋ ಮೊಮ್ಮಗನೋ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಅಜ್ಜಿಯ ಕೈಹಿಡಿದು ಬಂದಿರುತ್ತಾರೆ. ಅಜ್ಜಿಗೆ ಗೊತ್ತಿರುವುದು ತನ್ನ ನೋವು ಮಾತ್ರ. ಆ ನೋವನ್ನು ಯಾವ ಬಾಗಿಲಿಗೆ ಕೊಂಡೊಯ್ಯಬೇಕು ಎಂಬುದನ್ನು ನೀವು ತೀರ್ಮಾನಿಸಬೇಕಾಗುತ್ತದೆ. ತೆರೆಯ ಮೇಲಿನ ಮಾತುಕತೆಯಲ್ಲಿ ಸಮಯದ ಮಿತಿ ಇರುತ್ತದೆ. ಆದ್ದರಿಂದ ಈ ಪುಟಗಳಲ್ಲಿ ಆ ಫಲಕವನ್ನು ನಿಧಾನವಾಗಿ ಓದೋಣ.

ಹೆಸರಿನ ಮುಂದಿನ ಅಕ್ಷರಗಳು

ಮೊದಲು ಎಂ.ಬಿ.ಬಿ.ಎಸ್. ಇದು ನಾಲ್ಕೂವರೆ ವರ್ಷದ ಓದು ಮತ್ತು ಆಸ್ಪತ್ರೆಯಲ್ಲಿ ಒಂದು ವರ್ಷದ ಕಡ್ಡಾಯ ತರಬೇತಿ ಸೇರಿ ಐದೂವರೆ ವರ್ಷದ ಪದವಿ. ಇದನ್ನು ಮುಗಿಸಿದವರು ಇಡೀ ದೇಹದ ಬಗ್ಗೆ ಕಲಿತಿರುತ್ತಾರೆ. ಜ್ವರ, ಭೇದಿ, ಕೆಮ್ಮು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸಣ್ಣ ಗಾಯ ಇವನ್ನೆಲ್ಲ ನೋಡಬಲ್ಲರು. ನಿಮ್ಮ ಮನೆಯ ಪಕ್ಕದ ಸಾಮಾನ್ಯ ವೈದ್ಯರು ಅಥವಾ ಕುಟುಂಬ ವೈದ್ಯರು ಸಾಮಾನ್ಯವಾಗಿ ಈ ಗುಂಪಿನವರು.

ಅದರ ಮೇಲೆ ಮೂರು ವರ್ಷ ಒಂದೇ ವಿಷಯವನ್ನು ಅಭ್ಯಾಸ ಮಾಡಿದವರಿಗೆ ಎಂ.ಡಿ. ಅಥವಾ ಎಂ.ಎಸ್. ದೊರೆಯುತ್ತದೆ. ಡಿ.ಎನ್.ಬಿ. ಎಂದಿದ್ದರೆ ಅದು ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ, ಇದೇ ಮಟ್ಟದ ಅರ್ಹತೆ. ಹಿರಿಯ ವೈದ್ಯರ ಹೆಸರಿನ ಮುಂದೆ ಡಿ.ಸಿ.ಎಚ್., ಡಿ.ಜಿ.ಒ. ಎಂಬ ಅಕ್ಷರಗಳನ್ನೂ ಕಾಣುತ್ತೀರಿ. ಇವು ಎರಡು ವರ್ಷದ ಡಿಪ್ಲೊಮಾಗಳು. ಮೊದಲನೆಯದು ಮಕ್ಕಳ ಆರೋಗ್ಯಕ್ಕೆ, ಎರಡನೆಯದು ಸ್ತ್ರೀರೋಗ ಮತ್ತು ಹೆರಿಗೆಗೆ ಸಂಬಂಧಿಸಿದ್ದು.

ಎಂ.ಡಿ. ಅಥವಾ ಎಂ.ಎಸ್. ಆದಮೇಲೆ ಮತ್ತೂ ಮೂರು ವರ್ಷ ಒಂದೇ ಅಂಗವನ್ನೋ ಅಂಗವ್ಯೂಹವನ್ನೋ ಅಭ್ಯಾಸ ಮಾಡಿದವರಿಗೆ ಡಿ.ಎಂ. ಅಥವಾ ಎಂ.ಸಿಎಚ್. ಎಂಬ ಪದವಿ. ಲೆಕ್ಕ ಹಾಕಿ ನೋಡಿ. ಪಿ.ಯು.ಸಿ. ಮುಗಿಸಿದ ಮೇಲೆ ಹನ್ನೊಂದೂವರೆ ವರ್ಷ ಓದಿದವರು ಇವರು. ಹಾಗೆಂದು ನೆಗಡಿಗೂ ಇವರೇ ಬೇಕೆಂದಲ್ಲ. ಓದು ಹೆಚ್ಚಾದಂತೆ ನೋಡುವ ಕ್ಷೇತ್ರ ಕಿರಿದಾಗುತ್ತದೆ, ಆಳ ಹೆಚ್ಚುತ್ತದೆ.

ಬಿ.ಡಿ.ಎಸ್. ಎಂದರೆ ದಂತವೈದ್ಯರು. ಬಿ.ಎ.ಎಂ.ಎಸ್. ಆಯುರ್ವೇದದ, ಬಿ.ಎಚ್.ಎಂ.ಎಸ್. ಹೋಮಿಯೋಪತಿಯ ಪದವಿ. ಇವು ಬೇರೆ ಬೇರೆ ಪದ್ಧತಿಗಳು ಎಂಬುದನ್ನು ತಿಳಿದೇ ಒಳಗೆ ಹೋಗಬೇಕು.

ಔಷಧದ ವೈದ್ಯರು, ಶಸ್ತ್ರದ ವೈದ್ಯರು

ಫಲಕದ ಮೇಲಿನ ಗೊಂದಲದಲ್ಲಿ ಅರ್ಧದಷ್ಟನ್ನು ಒಂದೇ ಸೂತ್ರ ಬಿಡಿಸುತ್ತದೆ. ಬಹುಪಾಲು ಅಂಗಗಳಿಗೆ ಇಬ್ಬರು ತಜ್ಞರಿರುತ್ತಾರೆ. ಒಬ್ಬರು ಮುಖ್ಯವಾಗಿ ಔಷಧದಿಂದ ಚಿಕಿತ್ಸೆ ಮಾಡುವವರು, ಇನ್ನೊಬ್ಬರು ಶಸ್ತ್ರಕ್ರಿಯೆ ಮಾಡುವವರು. ಬುಡದಲ್ಲಿ ಫಿಜಿಷಿಯನ್ ಮತ್ತು ಸರ್ಜನ್. ಸಕ್ಕರೆ ಕಾಯಿಲೆ, ರಕ್ತದೊತ್ತಡ, ವಾರ ಕಳೆದರೂ ಬಿಡದ ಜ್ವರ, ಉಬ್ಬಸ, ರಕ್ತಹೀನತೆ ಇವು ಫಿಜಿಷಿಯನ್ ಅವರ ಕ್ಷೇತ್ರ. ಅಪೆಂಡಿಕ್ಸ್, ಹರ್ನಿಯಾ, ಪಿತ್ತಕೋಶದ ಕಲ್ಲು, ಮೂಲವ್ಯಾಧಿ, ಸ್ತನದಲ್ಲಿ ಅಥವಾ ಕುತ್ತಿಗೆಯಲ್ಲಿ ಗಂಟು ಇವು ಸರ್ಜನ್ ಅವರ ಕ್ಷೇತ್ರ.

ಮೇಲಿನ ಹಂತದಲ್ಲೂ ಇದೇ ಜೋಡಿ ಮುಂದುವರಿಯುತ್ತದೆ. ಮೂತ್ರಪಿಂಡದ ಉದಾಹರಣೆ ನೋಡಿ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದೆ, ಮುಖ ಊದಿದೆ, ಡಯಾಲಿಸಿಸ್ ಬೇಕಾಗಬಹುದು ಎಂದರೆ ನೆಫ್ರಾಲಜಿಸ್ಟ್. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ವಯಸ್ಸಾದವರಿಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಕಟ್ಟಿದೆ ಎಂದರೆ ಯುರಾಲಜಿಸ್ಟ್. ಇಬ್ಬರ ಕೆಲಸವೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ಸಂಸ್ಥೆಯ ಹೆಸರೇ 'ನೆಫ್ರೊ-ಯುರಾಲಜಿ ಸಂಸ್ಥೆ' ಎಂದಿದೆ.

ಹಾಗೆಯೇ ನರರೋಗಕ್ಕೆ ನ್ಯೂರಾಲಜಿಸ್ಟ್ ಮತ್ತು ನ್ಯೂರೋಸರ್ಜನ್. ಮೂರ್ಛೆರೋಗ, ಪಾರ್ಶ್ವವಾಯು, ಅರೆತಲೆನೋವು ಮೊದಲನೆಯವರದು. ಮೆದುಳಿನ ಗಡ್ಡೆ, ತಲೆಗೆ ಬಿದ್ದ ಪೆಟ್ಟಿನಿಂದ ಒಳಗೆ ರಕ್ತ ಹೆಪ್ಪುಗಟ್ಟುವುದು ಎರಡನೆಯವರದು. ಹೃದಯದ ವಿಷಯದಲ್ಲಿ ಮಾತ್ರ ಒಂದು ತಪ್ಪು ತಿಳಿವಳಿಕೆ ಇದೆ. ಮುಚ್ಚಿದ ರಕ್ತನಾಳಕ್ಕೆ ಸ್ಟೆಂಟ್ ಹಾಕುವುದನ್ನು ಜನ 'ಆಪರೇಷನ್' ಎನ್ನುತ್ತಾರೆ. ಆದರೆ ಅದನ್ನು ಮಾಡುವವರು ಸರ್ಜನ್ ಅಲ್ಲ, ಕಾರ್ಡಿಯಾಲಜಿಸ್ಟ್. ಮಣಿಕಟ್ಟಿನ ಅಥವಾ ತೊಡೆಸಂಧಿಯ ರಕ್ತನಾಳದ ಮೂಲಕ ಸಪೂರ ಕೊಳವೆ ತೂರಿಸಿ ಹೃದಯವನ್ನು ತಲುಪುತ್ತಾರೆ. ಎದೆ ತೆರೆದು ಬೈಪಾಸ್ ಮಾಡುವವರು ಹೃದಯ ಶಸ್ತ್ರಚಿಕಿತ್ಸಕರು.

ಕಣ್ಣು, ಕಿವಿ-ಮೂಗು-ಗಂಟಲು, ಸ್ತ್ರೀರೋಗ ಮತ್ತು ಕೀಲುಮೂಳೆ ವಿಭಾಗಗಳಲ್ಲಿ ಸಾಮಾನ್ಯವಾಗಿ ಈ ಜೋಡಿ ಇಲ್ಲ. ಅಲ್ಲಿ ಔಷಧ ಬರೆಯುವವರೂ ಶಸ್ತ್ರಕ್ರಿಯೆ ಮಾಡುವವರೂ ಒಬ್ಬರೇ.

ನಿಮ್ಮ ವಯಸ್ಸಿನವರಿಗೆ ಬೇಕಾಗಬಹುದಾದವರು

ಮಕ್ಕಳ ತಜ್ಞರೆಂದರೆ ಕೈಗೂಸಿಗೆ ಲಸಿಕೆ ಹಾಕುವವರು ಎಂದು ಭಾವಿಸಬೇಡಿ. ಹದಿನೆಂಟು ವರ್ಷದವರೆಗಿನವರೆಲ್ಲ ಅವರ ವ್ಯಾಪ್ತಿಗೆ ಬರುತ್ತಾರೆ. ಹೈಸ್ಕೂಲಿನಲ್ಲಿ ಓದುತ್ತಿದ್ದರೆ ನೀವೂ ಅವರ ರೋಗಿಗಳೇ.

ಸ್ತ್ರೀರೋಗ ತಜ್ಞರ ಬಾಗಿಲಿಗೆ ಮದುವೆಯಾದವರು ಮಾತ್ರ ಹೋಗಬೇಕು ಎಂಬ ಸಂಕೋಚ ಇನ್ನೂ ಹಲವು ಮನೆಗಳಲ್ಲಿದೆ. ಮುಟ್ಟಿನ ಸಮಯದಲ್ಲಿ ತರಗತಿಗೇ ಹೋಗಲಾಗದಷ್ಟು ನೋವು, ವಾರಕ್ಕೂ ಮೀರಿ ಸ್ರಾವ, ತಿಂಗಳುಗಟ್ಟಲೆ ಮುಟ್ಟು ನಿಂತುಹೋಗುವುದು ಇವು ಹುಡುಗಿಯರು ಸಹಿಸಿಕೊಂಡು ಕೂರಬೇಕಾದ ಸಂಗತಿಗಳಲ್ಲ. ಅತಿಸ್ರಾವದಿಂದ ರಕ್ತಹೀನತೆ ಬಂದರೆ ಆಯಾಸದಿಂದ ಓದೂ ಹಿಂದೆ ಬೀಳುತ್ತದೆ.

ಚರ್ಮರೋಗ ತಜ್ಞರು ಮೊಡವೆಗಾಗಿ ಮಾತ್ರ ಇರುವವರಲ್ಲ. ಕುಷ್ಠರೋಗ ಮತ್ತು ಲೈಂಗಿಕ ರೋಗಗಳೂ ಅವರ ಶಿಕ್ಷಣದ ಭಾಗ. ಮೈಮೇಲೆ ಬಣ್ಣ ಮಾಸಿದ ಮಚ್ಚೆ ಇದ್ದು, ಅದರಲ್ಲಿ ಸ್ಪರ್ಶ ತಿಳಿಯದಿದ್ದರೆ ನೋವಿಲ್ಲ, ತುರಿಕೆಯಿಲ್ಲ ಎಂದು ಸುಮ್ಮನಿರುವವರೇ ಹೆಚ್ಚು. ಆ ಸ್ಪರ್ಶ ತಿಳಿಯದಿರುವುದೇ ಎಚ್ಚರಿಕೆಯ ಗುರುತು. ಕುಷ್ಠರೋಗ ಔಷಧದಿಂದ ಪೂರ್ಣ ಗುಣವಾಗುತ್ತದೆ, ಆ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಮನೋವೈದ್ಯರು ಮತ್ತು ಮನಃಶಾಸ್ತ್ರಜ್ಞರು ಬೇರೆ ಬೇರೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗ ಚಿಕಿತ್ಸೆಯಲ್ಲಿ ವಿಶೇಷ ಶಿಕ್ಷಣ ಪಡೆದವರು, ಔಷಧ ಬರೆಯಬಲ್ಲರು. ಚಿಕಿತ್ಸಾ ಮನಃಶಾಸ್ತ್ರಜ್ಞರು ಮಾತುಕತೆ ಮತ್ತು ಮಾನಸಿಕ ಪರೀಕ್ಷೆಗಳ ಮೂಲಕ ನೆರವಾಗುವವರು. ಬಹಳ ಸಲ ಇಬ್ಬರೂ ಜೊತೆಯಾಗಿ ಕೆಲಸ ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಒಂದು ಮಾನಸಿಕ ಆಸ್ಪತ್ರೆ ಮತ್ತು ಒಂದು ಮನೋವಿಜ್ಞಾನ ಶಿಕ್ಷಣ ಸಂಸ್ಥೆ ಒಂದಾಗಿ ರೂಪುಗೊಂಡದ್ದು. ಅಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ನರರೋಗ ತಜ್ಞರು ಒಂದೇ ಆವರಣದಲ್ಲಿದ್ದಾರೆ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ, ನಿದ್ದೆ ಊಟ ಬೇಡವೆನಿಸಿದರೆ, ಬದುಕೇ ಬೇಡವೆಂಬ ಯೋಚನೆ ಸುಳಿದರೆ ಕಾಯಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು.

ಇದೇ ರೀತಿ ಕನ್ನಡಕದ ಸಂಖ್ಯೆ ನೋಡುವ ಆಪ್ಟೊಮೆಟ್ರಿಸ್ಟ್ ನೇತ್ರ ವೈದ್ಯರಲ್ಲ. ಕಣ್ಣಿನ ರೋಗಕ್ಕೆ ನೇತ್ರ ತಜ್ಞರೇ ಬೇಕು. ಶ್ರವಣ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಕಿವಿಯ ವೈದ್ಯರಲ್ಲ, ಆದರೆ ಕಿವಿ ತಜ್ಞರಿಗೆ ಅವರಿಲ್ಲದೆ ನಡೆಯದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಜ್ಞರನ್ನು ತಯಾರುಮಾಡುತ್ತಿದೆ.

ಪರದೆಯ ಹಿಂದಿನ ವೈದ್ಯರು

ಫಲಕದ ಮೇಲೆ ಕೆಲವೊಮ್ಮೆ ಕಾಣಿಸದ, ರೋಗಿಗಳ ನೆನಪಿನಲ್ಲೂ ಉಳಿಯದ ಮೂವರು ತಜ್ಞರಿದ್ದಾರೆ. ಕುತ್ತಿಗೆಯ ಗಂಟಿನಿಂದ ತೆಗೆದ ತುಣುಕು ಕ್ಷಯವೋ ಕ್ಯಾನ್ಸರೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವವರು ಪೆಥಾಲಜಿಸ್ಟ್. ಸರ್ಜನ್ ಅವರ ಕತ್ತರಿ ಎಲ್ಲಿಯವರೆಗೆ ಹೋಗಬೇಕೆಂಬುದು ಎಷ್ಟೋ ಸಲ ಇವರ ವರದಿಯ ಮೇಲೆ ನಿಂತಿರುತ್ತದೆ. ಎಕ್ಸ್-ರೇ, ಸ್ಕ್ಯಾನಿಂಗ್ ಚಿತ್ರಗಳನ್ನು ಓದುವವರು ರೇಡಿಯಾಲಜಿಸ್ಟ್. ಗರ್ಭದ ಮಗು ಗಂಡೋ ಹೆಣ್ಣೋ ಎಂದು ಅವರನ್ನು ಕೇಳುವುದೂ ಅವರು ಹೇಳುವುದೂ 1994ರ ಕಾಯಿದೆಯ ಪ್ರಕಾರ ಅಪರಾಧ. ಸ್ಕ್ಯಾನಿಂಗ್ ಕೋಣೆಯ ಹೊರಗಿನ ಸೂಚನೆ ಅದಕ್ಕಾಗಿಯೇ ಇದೆ.

ಮೂರನೆಯವರು ಅರಿವಳಿಕೆ ತಜ್ಞರು. ಶಸ್ತ್ರಕ್ರಿಯೆಯ ಉದ್ದಕ್ಕೂ ರೋಗಿಯ ಉಸಿರು, ನಾಡಿ, ರಕ್ತದೊತ್ತಡಗಳನ್ನು ಕಾಯುವವರು ಇವರು. ಹಿಂದಿನ ದಿನ ಬಂದು "ಉಬ್ಬಸ ಇದೆಯೇ, ಅಲ್ಲಾಡುವ ಹಲ್ಲು ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಕೊನೆಯದಾಗಿ ಊಟ ಮಾಡುವುದು ಎಷ್ಟು ಹೊತ್ತಿಗೆ" ಎಂದೆಲ್ಲ ಕೇಳುತ್ತಾರೆ. ಪ್ರತಿ ಪ್ರಶ್ನೆಯ ಹಿಂದೆಯೂ ಒಂದು ಅಪಾಯವಿದೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಪ್ರಜ್ಞೆ ತಪ್ಪಿದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. "ಪಾಪ, ಹಸಿದಿದ್ದಾರೆ" ಎಂದು ಕದ್ದು ಎರಡು ಇಡ್ಲಿ ತಿನ್ನಿಸುವ ಪ್ರೀತಿ ಪ್ರಾಣಕ್ಕೆ ಕುತ್ತಾಗಬಹುದು.

ನೋವಿನ ಜಾಗವೇ ರೋಗದ ಜಾಗವಲ್ಲ

ಇಷ್ಟು ತಿಳಿದ ಮೇಲೆ 'ಹಾಗಾದರೆ ಎಲ್ಲಿ ನೋವೋ ಆ ಅಂಗದ ತಜ್ಞರ ಬಳಿ ನೇರವಾಗಿ ಹೋಗಿಬಿಡೋಣ' ಎಂದು ನಿಮಗನ್ನಿಸಬಹುದು. ಇಲ್ಲಿಯೇ ಜನ ಎಡವುವುದು. ದೇಹದ ನರಗಳು ಒಂದೆಡೆಯ ತೊಂದರೆಯನ್ನು ಇನ್ನೊಂದೆಡೆಯ ನೋವಾಗಿ ತೋರಿಸಬಲ್ಲವು.

ಹೃದಯಾಘಾತದ ನೋವು ಮೇಲ್ಹೊಟ್ಟೆಯಲ್ಲಿ, ದವಡೆಯಲ್ಲಿ ಅಥವಾ ಎಡತೋಳಿನಲ್ಲಿ ಕಾಣಿಸಿಕೊಳ್ಳಬಹುದು. 'ಗ್ಯಾಸ್' ಎಂದು ಸೋಡಾ ಕುಡಿದು ಮಲಗಿದವರು ಮತ್ತೆ ಏಳದ ಸುದ್ದಿ ನೀವೂ ಕೇಳಿರಬಹುದು. ಪಿತ್ತಕೋಶದ ನೋವು ಬಲಭುಜಕ್ಕೆ ಹರಿಯುತ್ತದೆ. ಕೆಟ್ಟ ದವಡೆಹಲ್ಲು ಕಿವಿನೋವಾಗಿ ಕಾಣಿಸುತ್ತದೆ. ಬೆಳೆಯುವ ಹುಡುಗನೊಬ್ಬ ಮಂಡಿನೋವೆಂದು ಕುಂಟುತ್ತಿದ್ದರೆ ತೊಂದರೆ ಸೊಂಟದ ಕೀಲಿನಲ್ಲಿರಬಹುದು. ಅಪೆಂಡಿಕ್ಸ್ ನೋವು ಹೊಕ್ಕುಳ ಸುತ್ತ ಆರಂಭವಾಗಿ ಆಮೇಲೆ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದೆ. ತಲೆ ಗಿರ್ರೆಂದರೆ ಮೆದುಳಿನ ರೋಗವೆಂದು ಹೆದರುತ್ತೇವೆ, ಕಾರಣ ಒಳಗಿವಿಯಲ್ಲಿರುವುದು ಸಾಮಾನ್ಯ.

ಆದ್ದರಿಂದ ಕಾರಣ ಸ್ಪಷ್ಟವಿಲ್ಲದ ತೊಂದರೆಗೆ ಮೊದಲ ಬಾಗಿಲು ಕುಟುಂಬ ವೈದ್ಯರದು ಅಥವಾ ಫಿಜಿಷಿಯನ್ ಅವರದು. ಅವರು ಇಡೀ ದೇಹವನ್ನು ನೋಡಿ, ಅಗತ್ಯವಿದ್ದರೆ ಸರಿಯಾದ ತಜ್ಞರಿಗೆ ಪತ್ರ ಬರೆದುಕೊಡುತ್ತಾರೆ. ನಮ್ಮ ಸರ್ಕಾರಿ ವ್ಯವಸ್ಥೆಯ ಕ್ರಮವೂ ಇದೇ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ.

ಅಜ್ಜಿಯ ಮೂರು ಚೀಟಿಗಳು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಅಜ್ಜಿಗೆ ಮಂಡಿನೋವು. ಮೂಳೆ ತಜ್ಞರು ನೋವಿನ ಮಾತ್ರೆ ಬರೆದರು. ಕಣ್ಣು ಮಂಜಾಯಿತೆಂದು ಮುಂದಿನ ವಾರ ನೇತ್ರ ತಜ್ಞರ ಬಳಿ ಹೋದರು. ಕಣ್ಣಿನ ಒತ್ತಡ ಹೆಚ್ಚಿದೆಯೆಂದು ಅವರು ಹನಿ ಔಷಧ ಕೊಟ್ಟರು. ಕಾಲು ಊದಿಕೊಂಡಿತೆಂದು ಮತ್ತೊಂದು ದಿನ ಮತ್ತೊಬ್ಬರ ಬಳಿ. ಮೂವರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಆದರೆ ಅಜ್ಜಿಯ ಮೂತ್ರಪಿಂಡ ಆಗಲೇ ದುರ್ಬಲವಾಗಿತ್ತು ಎಂಬುದು ಮೂಳೆ ತಜ್ಞರಿಗೆ ತಿಳಿದಿರಲಿಲ್ಲ. ಹಲವು ನೋವಿನ ಮಾತ್ರೆಗಳು ದುರ್ಬಲ ಮೂತ್ರಪಿಂಡಕ್ಕೆ ಮತ್ತಷ್ಟು ಹಾನಿ ಮಾಡುತ್ತವೆ. ಅಜ್ಜಿಗೆ ಉಬ್ಬಸವಿದೆ ಎಂದು ನೇತ್ರ ತಜ್ಞರಿಗೆ ಯಾರೂ ಹೇಳಲಿಲ್ಲ. ಕಣ್ಣಿನ ಒತ್ತಡಕ್ಕೆ ಬಳಸುವ ಟಿಮೊಲಾಲ್ ಎಂಬ ಹನಿ ರಕ್ತಕ್ಕೆ ಸೇರಿ ಉಬ್ಬಸವನ್ನು ಕೆರಳಿಸಬಲ್ಲದು. ಕಣ್ಣಿಗೆ ಹಾಕಿದ ಹನಿ ಉಸಿರನ್ನು ಕಟ್ಟಿಸೀತೆಂದು ಮನೆಯವರು ಹೇಗೆ ಊಹಿಸಿಯಾರು?

ವಿಚಾರ ಮಾಡಿ ನೋಡಿ. ಮಂಜಾದ ಕಣ್ಣು, ಊದಿದ ಕಾಲು, ಜೋಮು ಹಿಡಿಯುವ ಪಾದ ಇವೆಲ್ಲ ಬೇರೆ ಬೇರೆ ರೋಗಗಳೆಂದು ಅಜ್ಜಿ ತಿಳಿದಿದ್ದರು. ಹಲವು ವರ್ಷದ ಸಕ್ಕರೆ ಕಾಯಿಲೆ ಕಣ್ಣಿನ ಅಕ್ಷಿಪಟಲವನ್ನೂ ಮೂತ್ರಪಿಂಡವನ್ನೂ ಪಾದದ ನರಗಳನ್ನೂ ಒಟ್ಟಿಗೇ ಕೆಡಿಸಬಲ್ಲದು. ಈ ಮೂರನ್ನೂ ಒಂದು ಕಾಗದದ ಮೇಲೆ ಒಟ್ಟಿಗೆ ಕಂಡವರಿಗೆ ಮಾತ್ರ ಮೂಲ ಹೊಳೆಯುತ್ತದೆ. ಸಕ್ಕರೆ ಕಾಯಿಲೆಯವರು ತೊಂದರೆ ಕಾಣಿಸದಿದ್ದರೂ ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲ, ಮೂತ್ರ ಮತ್ತು ಪಾದಗಳ ಪರೀಕ್ಷೆ ಮಾಡಿಸಬೇಕೆನ್ನುವುದು ಈ ಕಾರಣಕ್ಕೆ.

ಹಲವು ತಜ್ಞರು ಒಂದೆಡೆ ಸೇರಿ ಕೆಲಸ ಮಾಡುವ ಪದ್ಧತಿ ಬೆಳೆದದ್ದರ ಹಿಂದೆಯೂ ಇದೇ ಪಾಠವಿದೆ. ಅಮೆರಿಕದ ಮಿನೆಸೋಟ ರಾಜ್ಯದ ರೋಚೆಸ್ಟರ್ ಎಂಬ ಊರಿನ ಮೇಯೋ ಕ್ಲಿನಿಕ್ ಸಮೂಹ ವೈದ್ಯ ಪದ್ಧತಿಗೆ ಹೆಸರಾದದ್ದು. ಅಲ್ಲಿ ಮೊದಲು ಪ್ರತಿ ವೈದ್ಯರೂ ತಮ್ಮ ತಮ್ಮ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಹೆನ್ರಿ ಪ್ಲಮ್ಮರ್ ಎಂಬ ವೈದ್ಯರು 1907ರಲ್ಲಿ ಒಂದು ಬದಲಾವಣೆ ತಂದರು. ಪ್ರತಿ ರೋಗಿಗೆ ಒಂದು ಸಂಖ್ಯೆ, ಒಂದೇ ಕಡತ. ಎಲ್ಲ ತಜ್ಞರೂ ಅದರಲ್ಲೇ ಬರೆಯಬೇಕು, ರೋಗಿ ಹೋದಲ್ಲೆಲ್ಲ ಕಡತವೂ ಹೋಗಬೇಕು. ಒಂದೇ ಚಾವಣಿಯ ಕೆಳಗೆ ಕುಳಿತ ಮಾತ್ರಕ್ಕೆ ವೈದ್ಯರು ಒಂದು ತಂಡವಾಗುವುದಿಲ್ಲ, ಒಂದೇ ಕಡತವನ್ನು ನೋಡಿದಾಗ ಆಗುತ್ತಾರೆ.

ನಮ್ಮ ಊರುಗಳ ಹಲವು ಪಾಲಿಕ್ಲಿನಿಕ್ಕುಗಳಲ್ಲಿ ತಜ್ಞರು ವಾರಕ್ಕೆರಡು ಸಂಜೆ ಬೇರೆ ಊರಿನಿಂದ ಬಂದು ಹೋಗುವವರು. ಒಬ್ಬರ ಮುಖವನ್ನು ಇನ್ನೊಬ್ಬರು ಕಾಣುವುದೂ ಅಪರೂಪ. ಸಾಮಾನ್ಯ ಕಡತ ಎಲ್ಲ ಕಡೆಯೂ ಇರುವುದಿಲ್ಲ. ಅಂಥಲ್ಲಿ ಅಜ್ಜಿಯ ಕಡತ ಇರಬೇಕಾದದ್ದು ನಿಮ್ಮ ಕೈಯಲ್ಲಿರುವ ಬಟ್ಟೆಚೀಲದಲ್ಲಿ.

ನೀವು ಮಾಡಬೇಕಾದ ಕೆಲಸ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಹಿರಿಯರೊಬ್ಬರ ಹೆಸರು, ವಯಸ್ಸು ಬರೆಯಿರಿ. ಅದರ ಕೆಳಗೆ ಐದು ಸಂಗತಿಗಳಿರಲಿ:

1. ಈಗಿರುವ ಕಾಯಿಲೆಗಳು, ಎಷ್ಟು ವರ್ಷದಿಂದ.
2. ದಿನವೂ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳು. ಹನಿ, ಮುಲಾಮು, ನಾಟಿ ಔಷಧಗಳನ್ನೂ ಸೇರಿಸಿ.
3. ಯಾವ ಔಷಧ ಒಗ್ಗುವುದಿಲ್ಲ.
4. ಹಿಂದೆ ಆದ ಶಸ್ತ್ರಕ್ರಿಯೆಗಳು.
5. ಇತ್ತೀಚಿನ ಪರೀಕ್ಷೆಗಳ ಫಲಿತಾಂಶ, ತಾರೀಖಿನೊಂದಿಗೆ.

ಮಾತ್ರೆಯ ಹೆಸರು ಬರೆಯುವಾಗ ಪಟ್ಟಿಯ ಹಿಂಭಾಗ ನೋಡಿ. ಅಲ್ಲಿ ಕಂಪನಿ ಇಟ್ಟ ಹೆಸರೂ ಇರುತ್ತದೆ, ಔಷಧದ ನಿಜ ಹೆಸರೂ ಇರುತ್ತದೆ. ಇಬ್ಬರು ವೈದ್ಯರು ಎರಡು ಹೆಸರಿನಲ್ಲಿ ಬರೆದದ್ದು ಒಂದೇ ಪ್ಯಾರಸಿಟಮಾಲ್ ಆಗಿರುವುದುಂಟು. ಎರಡನ್ನೂ ನುಂಗಿದರೆ ಪ್ರಮಾಣ ಮೀರಿ ಯಕೃತ್ತಿಗೆ ಪೆಟ್ಟು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಹಲ್ಲು ಕೀಳಿಸುವ ಮೊದಲು ಅದನ್ನು ದಂತವೈದ್ಯರಿಗೆ ಹೇಳಲೇಬೇಕು. ಹೆದರಿ ತಾವಾಗಿಯೇ ನಿಲ್ಲಿಸುವುದೂ ಅಷ್ಟೇ ಅಪಾಯ.

ಕೋಣೆಯಿಂದ ಹೊರಬರುವ ಮೊದಲು ವೈದ್ಯರನ್ನು ಮೂರು ಮಾತು ಕೇಳಿ: ಇದು ಯಾವ ಕಾಯಿಲೆ? ಈ ಮಾತ್ರೆ ಎಷ್ಟು ದಿನ? ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು? ಕೇಳುವುದು ಅವಿನಯವಲ್ಲ. ವೈದ್ಯರ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಬೇಕೆಂಬುದು ನಿಯಮ. ಅದನ್ನೂ ಗಮನಿಸಿ.

ಚೀಟಿ ಬರೆಸಿ ಕಾಯಬಾರದ ಸಂದರ್ಭಗಳು

ಪಾಲಿಕ್ಲಿನಿಕ್ ತುರ್ತು ಚಿಕಿತ್ಸೆಯ ಜಾಗವಲ್ಲ. ಎದೆ ಹಿಂಡಿದಂತಾಗಿ ಬೆವರುವುದು, ಉಸಿರು ಕಟ್ಟುವುದು, ಪ್ರಜ್ಞೆ ತಪ್ಪುವುದು, ಹಾವು ಕಡಿತ, ನಿಲ್ಲದ ರಕ್ತಸ್ರಾವ ಇವುಗಳಿಗೆ 108ಕ್ಕೆ ಕರೆಮಾಡಿ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಲಕ್ಷಣ ಕಾಣಿಸಿದ ಮೇಲೆ ಇರುವ ಅವಧಿ ನಾಲ್ಕೂವರೆ ಗಂಟೆ. ಆದ್ದರಿಂದ ಲಕ್ಷಣ ಶುರುವಾದ ಹೊತ್ತನ್ನು ಗಡಿಯಾರ ನೋಡಿ ಗುರುತುಮಾಡಿಕೊಳ್ಳಿ. ಹುಡುಗರಿಗೊಂದು ಮಾತು: ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ ನಾಚಿಕೊಂಡು ಬೆಳಗಾಗಲೆಂದು ಕಾಯಬೇಡಿ. ಅದು ಒಳಗೆ ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಕ್ರಿಯೆ ಆಗಬೇಕು, ಇಲ್ಲವಾದರೆ ಉಳಿಸಿಕೊಳ್ಳುವುದು ಕಷ್ಟ.

ಉಳಿದ ದಿನಗಳಲ್ಲಿ ಅವಸರ ಬೇಡ. ಮುಂದಿನ ಸಲ ಅಜ್ಜಿಯೊಂದಿಗೆ ಹೋದಾಗ "ಯಾವ ಡಾಕ್ಟರ್?" ಎಂದು ಕೇಳಿದರೆ ಮೊದಲು ಫಿಜಿಷಿಯನ್ ಅವರ ಹೆಸರು ಹೇಳಿ. ಒಳಗೆ ಹೋದ ಮೇಲೆ ನೀವು ಬರೆದ ಆ ಒಂದು ಹಾಳೆಯನ್ನು ಮೇಜಿನ ಮೇಲಿಡಿ. ಅಜ್ಜಿ ನೆನಪು ಮಾಡಿಕೊಂಡು ಹೇಳುತ್ತಿರುವಾಗಲೇ ವೈದ್ಯರು ಅದನ್ನು ಓದತೊಡಗುವುದನ್ನು ನೀವೇ ಕಾಣುವಿರಿ.